ತಕ್ಕಡಿಯ ಮೇಲೆ ತುರಮಾಯನ ನಾಣ್ಯ

ಹೊರದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಅಣ್ಣನ ಮಗ ತಾನು ಹೊಸದಾಗಿ ಕೊಂಡ ಒಂದು ಹಳೆಯ ನಾಣ್ಯದ ಛಾಯಾಚಿತ್ರವನ್ನು ನಮಗೆ ಕಳುಹಿಸಿದ್ದ. ಜೊತೆಯಲ್ಲಿ ಎರಡು ಸಾಲಿನ ಒಕ್ಕಣೆ: “ಚಿಕ್ಕಪ್ಪ, ಇದು ಈಜಿಪ್ಟನ್ನು ಆಳಿದ ಗ್ರೀಕ್ ದೊರೆ ಎರಡನೆಯ ಟಾಲೆಮಿಯ ಕಂಚಿನ ನಾಣ್ಯ. ಅಗಲ ೪೬ ಮಿಲಿಮೀಟರು, ತೂಕ ೯೨ ಗ್ರಾಂ. ನೀವು ಇಷ್ಟು ದೊಡ್ಡ ದುಡ್ಡನ್ನು ಕಂಡಿದ್ದೀರಾ?”

ಕಂಡಿರಲಿಲ್ಲ. ತೊಂಬತ್ತೆರಡು ಗ್ರಾಂ ಎಂದರೆ ಎಷ್ಟೆಂದು ಕೈಗೆ ತಿಳಿಯಬೇಕಲ್ಲ! ಆದೋನಿಯ ನಮ್ಮ ಸೋದರಮಾವನವರ ಮನೆಯ ಪಡಸಾಲೆಯಲ್ಲಿ ಕುಳಿತು ತಕ್ಕಡಿಯನ್ನು ತರಿಸಿದೆವು. ಮಾವನವರು ಬದುಕಿದ್ದಾಗ ನಾಣ್ಯ ತೂಗಲೆಂದೇ ಇರಿಸಿಕೊಂಡಿದ್ದ ತಕ್ಕಡಿ ಅದು. ಒಂದು ತಟ್ಟೆಯಲ್ಲಿ ೯೨ ಗ್ರಾಂ ಬೊಟ್ಟು. ಇನ್ನೊಂದರಲ್ಲಿ ಅವರ ಸಂಗ್ರಹದ ಟಿಪ್ಪೂ ಕಾಲದ ಆನೆ ದುಡ್ಡುಗಳನ್ನು ಒಂದೊಂದಾಗಿ ಇಟ್ಟೆವು. ನಮ್ಮ ಸೀಮೆಯ ಹಳೆಯ ತಾಮ್ರದ ನಾಣ್ಯಗಳಲ್ಲಿ ಕೈತುಂಬುವಂಥದು ಈ ಜೋಡಿ ಪೈಸೆಯೇ. ಒಂದು, ಎರಡು, ಮೂರು—ತಟ್ಟೆ ಅಲುಗಲಿಲ್ಲ. ನಾಲ್ಕನೆಯದನ್ನು ಇಟ್ಟಾಗ ಮುಳ್ಳು ನಡುವಿಗೆ ಸರಿಯತೊಡಗಿತು. ಮೇಲೊಂದು ಪುಟ್ಟ ಕಾಸನ್ನು ಹಾಕಿದ ಮೇಲೆ ಎರಡು ತಟ್ಟೆಗಳೂ ಸಮನಾದವು. ಇಂದಿನ ಹತ್ತು ರೂಪಾಯಿಯ ನಾಣ್ಯಗಳಾದರೆ ಹನ್ನೆರಡು ಬೇಕು. ಒಂದೇ ನಾಣ್ಯ ಅಷ್ಟು ತೂಕ! ಗಾತ್ರದಲ್ಲಿಯೂ ದಪ್ಪದಲ್ಲಿಯೂ ಒಂದು ಪುಟ್ಟ ನಿಪ್ಪಟ್ಟನ್ನು ನೆನೆದುಕೊಳ್ಳಬಹುದು.

ಈಜಿಪ್ಟೆಲ್ಲಿ, ಆದೋನಿ ಎಲ್ಲಿ ಎಂದು ಓದುಗರು ಕೇಳಬಹುದು. ಆದರೆ ಆ ದೊರೆಯ ಹೆಸರು ನಮ್ಮ ಸೀಮೆಗೆ ಹೊಸತಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಅದು ನಮ್ಮ ಬಂಡೆಗಳ ಮೇಲೆ ಬಂದು ಕುಳಿತಿದೆ.

ಎರ್ರಗುಡಿಯ ಬಂಡೆಗಳಲ್ಲಿ

ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ, ಜೊನ್ನಗಿರಿಯ ಸಮೀಪದಲ್ಲಿ ಎರ್ರಗುಡಿ ಇದೆ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಈ ಸುತ್ತಿನ ಹೊಲಗಳಲ್ಲಿ ಜನ ತಲೆ ತಗ್ಗಿಸಿಕೊಂಡು ವಜ್ರ ಹುಡುಕುತ್ತಾ ನಡೆಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಅದೇ ನೆಲದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ೧೯೨೯ರಲ್ಲಿ ಅನು ಘೋಷ್ ಎಂಬ ಭೂವಿಜ್ಞಾನಿ ಕಂಡುಹಿಡಿದರು. ದಕ್ಷಿಣದಲ್ಲಿ ಅಶೋಕನ ಕಿರಿಯ ಶಿಲಾಶಾಸನಗಳು ಮಸ್ಕಿ, ಬ್ರಹ್ಮಗಿರಿ, ಕೊಪ್ಪಳ ಮೊದಲಾದ ಹಲವೆಡೆ ಇವೆ. ಪತ್ತಿಕೊಂಡದ ಕಡೆಯ ರಾಜುಲ ಮಂಡಗಿರಿಯಲ್ಲಿಯೂ ಒಂದಿದೆ. ಎರ್ರಗುಡಿಯ ಹಿರಿಮೆಯೆಂದರೆ, ಕಿರಿಯ ಶಾಸನಗಳ ಜೊತೆಯಲ್ಲಿ ಹದಿನಾಲ್ಕು ಹಿರಿಯ ಶಿಲಾಶಾಸನಗಳೂ ಇಲ್ಲಿ ಇರುವುದು. ಕಿರಿಯ ಶಾಸನದ ಕೆಲವು ಸಾಲುಗಳನ್ನು ಬರೆದವನು ಎಡದಿಂದ ಬಲಕ್ಕೆ ಒಂದು ಸಾಲು, ಬಲದಿಂದ ಎಡಕ್ಕೆ ಮತ್ತೊಂದು ಸಾಲು ಎಂಬಂತೆ, ಎತ್ತು ಹೊಲ ಉಳುವ ರೀತಿಯಲ್ಲಿ ಕೆತ್ತಿದ್ದಾನೆ.

ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಾಸನದಲ್ಲಿ, ಧರ್ಮವಿಜಯವು ದೂರದೂರದ ನಾಡುಗಳಿಗೂ ಮುಟ್ಟಿತೆಂದು ಅಶೋಕ ಹೇಳುತ್ತಾನೆ. ಆಗ ಐವರು ಯವನ ಅರಸರನ್ನು ಹೆಸರಿಸುತ್ತಾನೆ. ಅಂತಿಯೋಕನೆಂದರೆ ಸಿರಿಯದ ಎರಡನೆಯ ಆಂಟಿಯೋಕಸ್. ಅಂತೆಕಿನನೆಂದರೆ ಮ್ಯಾಸಿಡೋನಿಯದ ಆಂಟಿಗೊನಸ್. ಮಗನೆಂದರೆ ಸೈರೀನಿನ ಮಗಾಸ್. ಅಲಿಕಸುದರನೆಂಬ ಅಲೆಕ್ಸಾಂಡರ್ ಇನ್ನೊಬ್ಬ. ಇವರ ನಡುವೆ ಬರುವ ತುರಮಾಯ, ಕೆಲವು ಪಾಠಗಳಲ್ಲಿ ತುಲಮಾಯ, ಈಜಿಪ್ಟಿನ ಎರಡನೆಯ ಟಾಲೆಮಿ. ಇವನ ಆಳ್ವಿಕೆ ಕ್ರಿ.ಪೂ. ೨೪೬ರವರೆಗೆ ನಡೆಯಿತು. ಇವನು ಡಯೊನೀಸಿಯಸ್ ಎಂಬವನನ್ನು ಭಾರತಕ್ಕೆ ಕಳುಹಿಸಿದನೆಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ.

ಅಶೋಕನ ಹದಿಮೂರನೆಯ ಶಾಸನದ ಕಾಲ ಸುಮಾರು ಕ್ರಿ.ಪೂ. ೨೫೬. ಟಾಲೆಮಿಯು ತನ್ನ ಭಾರಿ ಕಂಚಿನ ನಾಣ್ಯಗಳನ್ನು ಅಚ್ಚು ಹಾಕಿಸಲು ತೊಡಗಿದ್ದು ಸುಮಾರು ಕ್ರಿ.ಪೂ. ೨೬೦ರ ಹೊತ್ತಿಗೆ. ಇಲ್ಲಿ ಕಲ್ಲುಕುಟಿಗನು ಆ ಹೆಸರನ್ನು ಬ್ರಾಹ್ಮಿ ಅಕ್ಷರಗಳಲ್ಲಿ ಕೆತ್ತುತ್ತಿದ್ದ ಕಾಲಕ್ಕೆ, ಅಲೆಕ್ಸಾಂಡ್ರಿಯದ ಟಂಕಸಾಲೆಯವನು ಅದೇ ಹೆಸರನ್ನು ಗ್ರೀಕ್ ಅಕ್ಷರಗಳಲ್ಲಿ ಕಂಚಿನ ಮೇಲೆ ಒತ್ತುತ್ತಿದ್ದ. ಅಣ್ಣನ ಮಗನ ನಾಣ್ಯವೂ ಎರ್ರಗುಡಿಯ ಬಂಡೆಯೂ ಹೆಚ್ಚುಕಡಿಮೆ ಓರಗೆಯವು.

ಇಷ್ಟು ಭಾರವೇಕೆ?

ಅಲೆಕ್ಸಾಂಡರ್ ಕ್ರಿ.ಪೂ. ೩೨೩ರಲ್ಲಿ ತೀರಿಕೊಂಡ ಮೇಲೆ ಅವನ ದಂಡನಾಯಕರಲ್ಲೊಬ್ಬನಾದ ಟಾಲೆಮಿ ಈಜಿಪ್ಟನ್ನು ವಶಪಡಿಸಿಕೊಂಡು ಮುಂದೆ ಅರಸನೆನಿಸಿದ. ಗ್ರೀಕರಿಗೆ ಬೆಳ್ಳಿಯ ನಾಣ್ಯವೇ ರೂಢಿ; ಈಜಿಪ್ಟಿಗಾದರೋ ಬೆಳ್ಳಿ ಹೊರಗಿನಿಂದ ಬರಬೇಕು. ಆದ್ದರಿಂದ ಈ ಮನೆತನದವರು ಒಂದು ಉಪಾಯ ಮಾಡಿದರು. ತಮ್ಮ ಬೆಳ್ಳಿಯ ನಾಣ್ಯದ ತೂಕವನ್ನು ಹೊರಗಿನ ಗ್ರೀಕ್ ನಾಣ್ಯಗಳಿಗಿಂತ ಕಡಿಮೆ ಮಾಡಿದರು. ತಮ್ಮ ನಾಡಿನೊಳಗೆ ತಮ್ಮ ನಾಣ್ಯವೇ ನಡೆಯಬೇಕೆಂದು ಕಟ್ಟುಮಾಡಿದರು. ಹೊರಗಿನ ವರ್ತಕರು ತಂದ ಹಣವನ್ನು ಕರಗಿಸಿ ಹೊಸ ಅಚ್ಚು ಹಾಕಿಸಿಕೊಳ್ಳಬೇಕಾಗಿತ್ತು. ಡಿಮಿಟ್ರಿಯಸ್ ಎಂಬ ಟಂಕಸಾಲೆಯ ಅಧಿಕಾರಿ ಕ್ರಿ.ಪೂ. ೨೫೮ರಲ್ಲಿ ಹಣಕಾಸಿನ ಮಂತ್ರಿ ಅಪೊಲೊನಿಯಸನಿಗೆ ಬರೆದ ಪತ್ರವೊಂದು ಉಳಿದಿದೆ. ಹೊರಗಿನವರು ಚಿನ್ನದ ನಾಣ್ಯಗಳನ್ನು ತಂದು ಕಾದಿದ್ದಾರೆ, ಅದಲುಬದಲಿಗೆ ಏರ್ಪಾಡಿಲ್ಲದೆ ವ್ಯಾಪಾರ ನಿಂತಿದೆ ಎಂಬ ಅಳಲು ಅದರಲ್ಲಿದೆ. ಆ ಮಂತ್ರಿಯ ಕಾರ್ಯದರ್ಶಿ ಜೀನಾನನ ಕಾಗದಪತ್ರಗಳ ಕಟ್ಟಿನಲ್ಲಿ ಈ ಪತ್ರ ಸೇರಿಹೋಗಿದ್ದರಿಂದ ಇಂದಿಗೆ ಓದಲು ದೊರಕಿತು.

ಹಳ್ಳಿಯ ಒಕ್ಕಲಿಗನ ಕೈಗೆ ಮಾತ್ರ ಬೆಳ್ಳಿ ಸಿಗುವುದು ಅಪರೂಪ. ಅವನಿಂದ ಉಪ್ಪಿನ ತೆರಿಗೆ ಮೊದಲಾದ ತೆರಿಗೆಗಳನ್ನು ಎತ್ತಬೇಕು, ಅವನ ಕೂಲಿಯನ್ನೂ ಕೊಡಬೇಕು. ಇದಕ್ಕೆ ಕಂಚು ಬೇಕಾಯಿತು. ತಾಮ್ರಕ್ಕೆ ಕೊರತೆಯಿರಲಿಲ್ಲ; ಇವರ ವಶದಲ್ಲಿದ್ದ ಸೈಪ್ರಸ್ ದ್ವೀಪ ತಾಮ್ರದ ಗಣಿಗಳಿಗೆ ಹೆಸರಾದದ್ದು. ಆದರೆ ಬೆಳ್ಳಿಯ ಬದಲು ಕಂಚನ್ನು ಕೊಟ್ಟರೆ ಜನ ನಂಬಬೇಕಲ್ಲವೇ? ನಂಬಿಕೆ ತೂಕದಿಂದ ಬರುತ್ತದೆ. ಅದಕ್ಕಾಗಿಯೇ ಅಂಗೈ ತುಂಬುವ ನಾಣ್ಯ. ಆದರೂ ಬೆಳ್ಳಿಯಲ್ಲಿ ಸಲ್ಲಬೇಕಾದ ತೆರಿಗೆಯನ್ನು ಕಂಚಿನಲ್ಲಿ ಸಲ್ಲಿಸಿದರೆ ಸರಕಾರ ಮೇಲಿಷ್ಟು ವಟ್ಟವನ್ನು ಹೇರುತ್ತಿತ್ತು. ಹಳ್ಳಿಯವನಿಗೆ ಭಾರವಾದ ನಾಣ್ಯ, ಮೇಲೆ ವಟ್ಟದ ಭಾರ!

ಮೂರನೆಯ ಟಾಲೆಮಿಯ ಕಾಲದಲ್ಲಿ ೭೦ ಗ್ರಾಂ ಆಸುಪಾಸಿನ ನಾಣ್ಯಗಳು ಹೇರಳವಾಗಿ ಹೊರಬಂದವು. ಕ್ರಿ.ಪೂ. ಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ಯುದ್ಧಗಳೂ ಒಳಗಿನ ದಂಗೆಗಳೂ ಹೆಚ್ಚಿ, ಬೆಳ್ಳಿಯ ಲೆಕ್ಕವೇ ಬೇರೆ, ಕಂಚಿನ ಲೆಕ್ಕವೇ ಬೇರೆ ಎಂದಾಯಿತು. ನಾಣ್ಯದ ತೂಕವೂ ಹಂತಹಂತವಾಗಿ ಇಳಿಯಿತು. ಕೊನೆಯ ರಾಣಿ ಕ್ಲಿಯೋಪಾತ್ರಳ ಕಾಲದಲ್ಲಿ ೮೦ ದ್ರಾಕ್ಮ ಎಂದು ಬೆಲೆ ಬರೆದ ಕಂಚಿನ ನಾಣ್ಯ ಸುಮಾರು ೨೦ ಗ್ರಾಂ ತೂಗುತ್ತಿತ್ತು. ಗ್ರೀಕರು ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದರಾದ್ದರಿಂದ ‘ಪೈ’ ಎಂಬ ಅಕ್ಷರವೆಂದರೆ ೮೦, ‘ಮ್ಯು’ ಎಂದರೆ ೪೦. ಅಜ್ಜನ ಕಾಲದಲ್ಲಿ ತೂಕವಿತ್ತು, ಬೆಲೆ ಬರೆದಿರಲಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಬೆಲೆ ಬರೆದಿತ್ತು, ತೂಕವಿರಲಿಲ್ಲ.

ನೋಡುವ ಬಗೆ

ಈ ನಾಣ್ಯಗಳ ಒಂದು ಬದಿಯಲ್ಲಿ ಸಾಮಾನ್ಯವಾಗಿ ಜ್ಯೂಸ್-ಅಮ್ಮೋನ್ ದೇವತೆಯ ಗಡ್ಡದ ಮುಖ. ಜ್ಯೂಸ್ ಗ್ರೀಕರ ದೇವರಾಜ; ಅಮ್ಮೋನ್ ಈಜಿಪ್ಟಿನವರ ದೇವರು. ಆಳುವವರ ದೇವರನ್ನೂ ಆಳಿಸಿಕೊಳ್ಳುವವರ ದೇವರನ್ನೂ ಕೂಡಿಸಿ ಮಾಡಿದ ಈ ಮೂರ್ತಿಗೆ ಕಿವಿಯ ಬಳಿ ಟಗರಿನ ಕೊಂಬು ಬಾಗಿರುತ್ತದೆ. ಇನ್ನೊಂದು ಬದಿಯಲ್ಲಿ ಸಿಡಿಲಾಯುಧದ ಮೇಲೆ ನಿಂತ ಹದ್ದು. ಕೆಲವದರಲ್ಲಿ ಎರಡು ಹದ್ದುಗಳು. ಸುತ್ತಲೂ “ಟಾಲೆಮಿ ರಾಜನದು” ಎಂಬ ಅರ್ಥದ ಗ್ರೀಕ್ ಬರಹ. ಹದ್ದಿನ ಕಾಲುಗಳ ನಡುವೆಯೋ ಪಕ್ಕದಲ್ಲಿಯೋ ಒಂದು ಪುಟ್ಟ ಅಕ್ಷರ ಅಥವಾ ಗುರುತು ಇರುತ್ತದೆ. ಯಾವ ಟಂಕಸಾಲೆ, ಯಾವ ತಂಡದ ನಾಣ್ಯ ಎಂಬುದನ್ನು ತಿಳಿಯಲು ವಿದ್ವಾಂಸರಿಗೆ ಅದೇ ಆಸರೆ. ಎಲ್ಲ ಅರಸರೂ ಟಾಲೆಮಿಗಳೇ ಆದ್ದರಿಂದ ಹೆಸರೊಂದೇ ಸಾಲದು. ೧೯೦೪ರಿಂದ ೧೯೦೮ರವರೆಗೆ ಸ್ವೊರೊನೊಸ್ ಎಂಬ ಗ್ರೀಕ್ ವಿದ್ವಾಂಸರು ಇವನ್ನೆಲ್ಲ ಪಟ್ಟಿಮಾಡಿದರು. ಸಂಗ್ರಾಹಕರು ಇಂದಿಗೂ ಅವರ ಸಂಖ್ಯೆಗಳನ್ನು ಹೇಳುತ್ತಾರೆ. ಈಚೆಗೆ, ೨೦೧೮ರಲ್ಲಿ, ಕ್ಯಾಥರಿನ್ ಲಾರ್ಬರ್ ಎಂಬ ವಿದುಷಿ ಮೊದಲ ನಾಲ್ವರು ಟಾಲೆಮಿಗಳ ನಾಣ್ಯಗಳನ್ನು ಹೊಸದಾಗಿ ವಿಂಗಡಿಸಿ ದೊಡ್ಡ ಗ್ರಂಥವನ್ನು ಹೊರತಂದರು.

ಹೊಸಬರು ಬೆರಗಾಗುವ ಸಂಗತಿಯೊಂದಿದೆ. ನಾಣ್ಯದ ಎರಡು ಬದಿಯ ನಡುಮಧ್ಯದಲ್ಲಿಯೂ ಒಂದೊಂದು ಚಿಕ್ಕ ಕುಳಿ ಇರುತ್ತದೆ. ಯಾರೋ ತೂತು ಕೊರೆಯಲು ಹೋಗಿ ಬಿಟ್ಟರೇನೋ ಎನಿಸುತ್ತದೆ. ಅದು ಹಾಳಾದ ಗುರುತಲ್ಲ. ಕಂಚನ್ನು ಎರಕ ಹೊಯ್ದು ಬಿಲ್ಲೆ ಮಾಡಿ, ಅಚ್ಚು ಹಾಕುವ ಮುನ್ನ ಅದರ ಮೈಯನ್ನು ಹದಮಾಡುವಾಗ ಉಪಕರಣದ ಮೊನೆ ಕುಳಿತ ಗುರುತು ಅದೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗೆಯೇ ಅಂಚಿನಲ್ಲಿ ಎರಕದ ಬಾಲ ಮುರಿದ ಗುರುತು ಕಂಡೊಡನೆ ಇದು ಕಳ್ಳ ನಾಣ್ಯ ಎಂದು ಎಸೆಯಬಾರದು; ಬಿಲ್ಲೆಯನ್ನು ಎರಕ ಹೊಯ್ದೇ ಮಾಡುತ್ತಿದ್ದರಷ್ಟೆ. ಆದರೆ ಅಕ್ಷರಗಳೂ ಹದ್ದಿನ ಗರಿಗಳೂ ಸಾಬೂನಿನಂತೆ ಮೊಂಡಾಗಿದ್ದು, ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆಗಳಿದ್ದರೆ, ಆಗ ಬಿಲ್ಲೆಯನ್ನಷ್ಟೇ ಅಲ್ಲ, ಇಡೀ ನಾಣ್ಯವನ್ನೇ ಈಚೆಗೆ ಎರಕ ಹೊಯ್ದಿದ್ದಾರೆಂದು ಶಂಕಿಸಬೇಕು.

ಇಂಥ ನಾಣ್ಯಗಳಲ್ಲಿ ಬೆಲೆ ಬರೆದಿಲ್ಲವಾದ್ದರಿಂದ ತೂಕವೇ ಅವುಗಳ ಜಾತಕ. ಒಂದೊಂದನ್ನೂ ತೂಗಿ, ಅಗಲವನ್ನು ಅಳೆದು, ನೂರಾರು ನಾಣ್ಯಗಳ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಇದು ಪೂರ್ತಿ, ಇದು ಅರ್ಧ, ಇದು ಕಾಲು ಎಂಬ ವರ್ಗಗಳು ತೋರುತ್ತವೆ. ತೂಕವನ್ನು ಬರೆದಿಡದ ಸಂಗ್ರಾಹಕ ಅರ್ಧ ಸಂಗ್ರಾಹಕನೆಂದೇ ಹೇಳಬೇಕು.

ನಾವು ಅಣ್ಣನ ಮಗನಿಗೆ ಒಂದು ಪ್ರಶ್ನೆ ಕೇಳಿದೆವು: “ಇದು ಯಾವ ಊರಿನ ನೆಲದಲ್ಲಿ ಸಿಕ್ಕಿದ್ದಪ್ಪಾ?” ಅವನ ಉತ್ತರ ಚಿಕ್ಕದಾಗಿತ್ತು: “ಅದು ಯಾರಿಗೂ ಗೊತ್ತಿಲ್ಲ, ಚಿಕ್ಕಪ್ಪ. ಹಳೆಯ ಸಂಗ್ರಹವೊಂದರಿಂದ ಬಂದದ್ದು ಎಂದಷ್ಟೇ ಮಾರಿದವರ ಚೀಟಿಯಲ್ಲಿದೆ.” ಅಲೆಕ್ಸಾಂಡ್ರಿಯದ ಅಂಗಳದಲ್ಲಿತ್ತೋ, ನೈಲ್ ನದಿಯ ದಡದ ಒಕ್ಕಲಿಗನ ಮಡಕೆಯಲ್ಲಿತ್ತೋ, ಸಿಪಾಯಿಯೊಬ್ಬನೊಡನೆ ಕಡಲು ದಾಟಿತ್ತೋ—ನಾಣ್ಯ ಉಳಿಯಿತು, ಅದರ ಊರು ಕಳೆದುಹೋಯಿತು. ಈ ಮಾತು ನಮಗೆ ನಾಟಿತು. ಏಕೆಂದರೆ ಅದೇ ತಪ್ಪು ನಮ್ಮ ಮನೆಯಲ್ಲಿಯೇ ಆಗಿಹೋಗಿತ್ತು.

ಮಾವನವರ ಪೆಟ್ಟಿಗೆ

ನಮ್ಮ ಸೋದರಮಾವನವರು ಆದೋನಿ, ಆಲೂರು ತಾಲೂಕುಗಳ ಹಳ್ಳಿಗಳಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೊದಲಾದ ತಾಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಮಾವನವರು ಇದ್ದ ಊರಲ್ಲೇ ಉಳಿದರು. ಗಡಿ ಮಾತ್ರ ಅವರನ್ನು ದಾಟಿ ಹೋಯಿತು. ಅವರಿಗೆ ಹಳೆಯ ನಾಣ್ಯಗಳ ಗೀಳು. ಗುಜರಿ ಅಂಗಡಿಯಲ್ಲಿ, ಸಂತೆಯಲ್ಲಿ, ಪಾತ್ರೆಗೆಂದು ಕರಗಿಸಲು ಕಂಚುಗಾರರು ರಾಶಿ ಹಾಕಿದ ಹಳೆಯ ತಾಮ್ರದಲ್ಲಿ ಹುಡುಕಿ, ತಾಮ್ರದ ಬೆಲೆಯ ಮೇಲೆ ನಾಲ್ಕು ಕಾಸು ಹೆಚ್ಚು ಕೊಟ್ಟು ತರುತ್ತಿದ್ದರು. ದುಡ್ಡು ಎಂಬ ನಮ್ಮ ಮಾತೇ ಹಿಂದೆ ಒಂದು ತಾಮ್ರದ ನಾಣ್ಯದ ಹೆಸರಾಗಿತ್ತೆಂದು ಮಕ್ಕಳಿಗೆ ಹೇಳುತ್ತಿದ್ದರು.

ಈ ಸೀಮೆಯ ಚರಿತ್ರೆಯೆಲ್ಲ ಅವರ ಪೆಟ್ಟಿಗೆಯಲ್ಲಿತ್ತು. ೧೬೮೮ರಲ್ಲಿ ಸಿದ್ದಿ ಮಸೂದ್ ಖಾನನಿಂದ ಆದೋನಿಯ ಕೋಟೆ ಔರಂಗಜೇಬನ ಸೇನೆಗೆ ಸೇರಿತು. ಮೊಗಲರು ಅದಕ್ಕೆ ಇಮ್ತಿಯಾಜಗಢ ಎಂದು ಹೆಸರಿಟ್ಟು ಇಲ್ಲಿಯೇ ರೂಪಾಯಿ ಅಚ್ಚು ಹಾಕಿಸಿದರು. ೧೭೮೬ರಲ್ಲಿ ಟಿಪ್ಪೂ ಆದೋನಿಯನ್ನು ಹಿಡಿದ. ಗುತ್ತಿಯಲ್ಲಿದ್ದ ಅವನ ಟಂಕಸಾಲೆಯ ಹೆಸರು ಫೈಜ್ ಹಿಸಾರ್. ಅವನ ಜೋಡಿ ಪೈಸೆಗೆ ಮೊದಲು ಉಸ್ಮಾನಿ, ಬಳಿಕ ಮುಶ್ತರಿ ಎಂಬ ಹೆಸರು. ಅವನು ಹೊಸ ಶಕೆಯನ್ನು ಜಾರಿಗೆ ತಂದ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ೧೮೦೮ರ ಇಸವಿಯುಳ್ಳ ಕಂಪನಿಯ ಇಪ್ಪತ್ತು ಕಾಸಿನ ನಾಣ್ಯಗಳೂ ಮಾವನವರಲ್ಲಿ ಹಲವಿದ್ದವು.

ಒಂದೊಂದು ನಾಣ್ಯವನ್ನೂ ಅವರು ಕಾಗದದ ಪೊಟ್ಟಣದಲ್ಲಿಟ್ಟು ಒಳಗೆ ಒಂದು ಚೀಟಿಯನ್ನು ಸೇರಿಸುತ್ತಿದ್ದರು. ಚೀಟಿಯಲ್ಲಿ ದುಂಡನೆಯ ಕನ್ನಡ ಅಕ್ಷರ: ಇಂಥ ಊರು, ಇಂಥ ವರ್ಷ, ಇಂಥವರಿಂದ ಬಂದದ್ದು, ಹೊಲದಲ್ಲೋ ಹಳೆಯ ಗೋಡೆಯಲ್ಲೋ ಸಿಕ್ಕಿದ್ದು, ಆನೆ ಎಡಕ್ಕೆ ಮುಖ, ತೂಕ ಇಷ್ಟು. ಬಳ್ಳಾರಿ ಜಿಲ್ಲೆಯನ್ನೆಲ್ಲ ತಿರುಗಿ ಶಿಲಾಯುಗದ ಆಯುಧಗಳನ್ನು ಕೂಡಿಹಾಕಿದ ರಾಬರ್ಟ್ ಬ್ರೂಸ್ ಫುಟ್ ಅವರನ್ನು ಮಾವನವರು ಆಗಾಗ ನೆನೆಯುತ್ತಿದ್ದರು. ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಫುಟ್ ಅವರ ಸಂಗ್ರಹಕ್ಕೆ ಇಂದಿಗೂ ಬೆಲೆಯಿರುವುದು ಕಲ್ಲುಗಳಿಂದಲ್ಲ, ಯಾವ ಕಲ್ಲು ಯಾವ ಊರಿನದೆಂದು ಅವರು ಬರೆದಿಟ್ಟದ್ದರಿಂದ ಎಂಬುದು ಮಾವನವರ ಮಾತು.

ಹುಣಸೆಹಣ್ಣಿನ ಅನಾಹುತ

ಮಾವನವರು ತೀರಿಕೊಂಡ ಮೇಲೆ ಪೆಟ್ಟಿಗೆ ಅಟ್ಟದಲ್ಲಿ ಉಳಿಯಿತು. ಕೆಲವು ವರ್ಷಗಳ ಹಿಂದೆ ಹಬ್ಬದ ಮುಂಚಿನ ಶುಚಿಕಾರ್ಯದಲ್ಲಿ ಅದು ಕೆಳಗಿಳಿಯಿತು. ಅಜ್ಜನ ನಾಣ್ಯಗಳನ್ನು ಅಂದವಾಗಿ ಇಡಬೇಕೆಂದು ಮೊಮ್ಮಗಳಿಗೆ ಆಸೆ. ಅವಳು ಓದಿದ್ದು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದುವುದು ಬಾರದು. ನಾಣ್ಯಗಳನ್ನೆಲ್ಲ ಪೊಟ್ಟಣದಿಂದ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಜೋಡಿಸಿ, ಹೊಸ ಆಲ್ಬಮಿನಲ್ಲಿ ತುಂಬಿದಳು. ಕೆಲವನ್ನು ಮನೆಯ ಹಿರಿಯರೇ ಹುಣಸೆಹಣ್ಣು, ಉಪ್ಪು ಹಚ್ಚಿ, ದೇವರ ಪಾತ್ರೆಗಳ ಜೊತೆಯಲ್ಲಿ ತಿಕ್ಕಿ ಹೊಳೆಯಿಸಿದರು. ಚೀಟಿಗಳು ಒಂದು ರಟ್ಟಿನ ಡಬ್ಬಿಯಲ್ಲಿ ರಾಶಿಯಾದವು; ಹಳೆಯ ಪತ್ರಿಕೆಗಳೊಡನೆ ತೂಕಕ್ಕೆ ಹೋಗುವುದರಲ್ಲಿದ್ದವು. ನಾವೂ ಆ ಹಬ್ಬಕ್ಕೆ ಬಂದು ಆಲ್ಬಮನ್ನು ನೋಡಿ “ಬಹಳ ಚೆನ್ನಾಗಿದೆ ಅವ್ವಾ” ಎಂದು ಹೊಗಳಿ ಹೋದವರೇ. ಚೀಟಿಗಳು ಎಲ್ಲಿ ಎಂದು ಕೇಳುವುದು ನಮಗೂ ಹೊಳೆಯಲಿಲ್ಲ. ತಪ್ಪು ಮಗುವಿನದಲ್ಲ, ಓದಲು ಕಲಿಸದ ನಮ್ಮೆಲ್ಲರದು.

ಹಳೆಯ ತಾಮ್ರ, ಕಂಚುಗಳ ಮೇಲೆ ಕಾಲಕ್ರಮದಲ್ಲಿ ಕಟ್ಟುವ ಹಸಿರು ಅಥವಾ ಕಂದು ಪೊರೆ ಕೊಳೆಯಲ್ಲ. ಒಳಗಿನ ಲೋಹಕ್ಕೆ ಹೊದಿಕೆ. ಹುಳಿ ಹಚ್ಚಿದರೆ ಪೊರೆ ಕರಗುತ್ತದೆ, ಅದರೊಡನೆ ತೆಳುವಾದ ಅಕ್ಷರವೂ ಕರಗುತ್ತದೆ, ತೂಕವೂ ಇಳಿಯುತ್ತದೆ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಬೂಷ್ಟು ಮಾತ್ರ ನಿಜವಾದ ರೋಗ. ಉಪ್ಪಿನ ಅಂಶವೂ ತೇವವೂ ಸೇರಿ ಅದು ಹಬ್ಬುತ್ತದೆ. ಅಂಥ ನಾಣ್ಯವನ್ನು ಬೇರೆಯಾಗಿ, ಒಣಗಿದ ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸಬೇಕು. ಹೀಗಿರುವಾಗ ನಾವು ಉಪ್ಪನ್ನೇ ಹಚ್ಚಿ ತಿಕ್ಕಿದ್ದೆವು!

ತಕ್ಕಡಿಯೇ ಸಾಕ್ಷಿ

ಈಗ ಆ ಪಡಸಾಲೆಗೆ ಮರಳೋಣ. ಟಾಲೆಮಿಯ ನಾಣ್ಯಕ್ಕೆ ಸರಿದೂಗಿಸಲು ನಾಲ್ಕು ಆನೆ ದುಡ್ಡುಗಳನ್ನು ಒಟ್ಟಿಗೆ ಇಟ್ಟಿದ್ದೆವಷ್ಟೆ. ಅವನ್ನು ಬೇರೆಬೇರೆಯಾಗಿ ತೂಗಿದಾಗ ಒಂದರಂತೆ ಇನ್ನೊಂದು ಇರಲಿಲ್ಲ. ಸವೆತಕ್ಕೆ ತಕ್ಕಂತೆ ಗ್ರಾಮಿನ ಹತ್ತರಲ್ಲೊಂದೆರಡು ಪಾಲು ಹೆಚ್ಚುಕಡಿಮೆ. ಬೆಲೆ ಬರೆಯದ ನಾಣ್ಯಗಳನ್ನು ವಿದ್ವಾಂಸರು ತೂಕದಿಂದ ಗುರುತಿಸುವರೆಂದ ಮೇಲೆ, ಊರು ಕಳೆದುಕೊಂಡ ನಮ್ಮ ನಾಣ್ಯಗಳನ್ನು ನಾವೇಕೆ ತೂಕದಿಂದ ಗುರುತಿಸಬಾರದು? ಪ್ರತಿ ಚೀಟಿಯಲ್ಲೂ ಮಾವನವರು ತೂಕ ಬರೆದಿದ್ದರು!

ರಟ್ಟಿನ ಡಬ್ಬಿ ಸುದೈವದಿಂದ ಇನ್ನೂ ಮನೆಯಲ್ಲಿತ್ತು. ಮೊಮ್ಮಗಳು ಒಂದೊಂದೇ ನಾಣ್ಯವನ್ನು ತೂಗಿ ಅಂಕಿ ಹೇಳಿದಳು. ನಾವು ಚೀಟಿಗಳನ್ನು ಓದುತ್ತಾ ಹೋದೆವು. ಹಳೆಯ ಚೀಟಿಗಳಲ್ಲಿ ಗ್ರಾಂ ಇರಲಿಲ್ಲ, ತೊಲೆ-ಗುಲಗಂಜಿಯ ಲೆಕ್ಕವಿತ್ತು. ತೊಲೆಗೆ ೯೬ ಗುಲಗಂಜಿ, ತೊಲೆಯೆಂದರೆ ೧೧.೬೬ ಗ್ರಾಂ. “ಆನೆ ಎಡಕ್ಕೆ, ೧ ತೊಲೆ ೯೦ ಗುಲಗಂಜಿ” ಎಂದು ಒಂದು ಚೀಟಿ. ಲೆಕ್ಕ ಹಾಕಿದರೆ ೨೨.೬ ಗ್ರಾಂ. ಆಲ್ಬಮಿನಲ್ಲಿ ಎಡಕ್ಕೆ ಮುಖ ಮಾಡಿದ ಆನೆಗಳಲ್ಲಿ ೨೨.೬ ತೂಗಿದ್ದು ಒಂದೇ ಒಂದು. “ಸಿಕ್ಕಿತು ಮಾವಾ!” ಎಂದು ಹುಡುಗಿ ಕೂಗಿದಳು. ಅದು ಹೊಳಗುಂದದ ಸಂತೆಯಲ್ಲಿ ಕಂಚುಗಾರನ ಕುಲುಮೆಯ ಬಾಯಿಂದ ತಪ್ಪಿಸಿ ತಂದ ನಾಣ್ಯ.

ಎಲ್ಲವೂ ಹೀಗೆ ಕೂಡಿಬರಲಿಲ್ಲ. ತಿಕ್ಕಿ ಹೊಳೆಯಿಸಿದ ನಾಣ್ಯಗಳ ತೂಕ ಯಾವ ಚೀಟಿಗೂ ಹೊಂದಲಿಲ್ಲ. ಕಂಪನಿಯ ಕಾಸುಗಳು ಯಂತ್ರದಲ್ಲಿ ತಯಾರಾದವು. ಒಂದಕ್ಕೂ ಇನ್ನೊಂದಕ್ಕೂ ತೂಕದಲ್ಲಿ ವ್ಯತ್ಯಾಸ ಅಷ್ಟಾಗಿ ಇಲ್ಲವಾದ್ದರಿಂದ ಯಾವುದು ಯಾವ ಊರಿನದೆಂದು ಬೇರ್ಪಡಿಸಲಾಗಲಿಲ್ಲ. ಎರಡು ದಿನ ಕುಳಿತು ಅರ್ಧಕ್ಕಿಂತ ತುಸು ಹೆಚ್ಚು ನಾಣ್ಯಗಳಿಗೆ ಅವುಗಳ ಊರನ್ನು ಮರಳಿ ಕೊಟ್ಟೆವು. ಉಳಿದವು ಅಣ್ಣನ ಮಗನ ಟಾಲೆಮಿಯಂತೆ ಊರಿಲ್ಲದವಾಗಿ ಉಳಿದವು. ಅವುಗಳ ಚೀಟಿಗಳೂ ಒಡೆಯನಿಲ್ಲದೆ ಉಳಿದವು. ಅವನ್ನೂ ಬಿಸುಡದೆ ಬೇರೊಂದು ಲಕೋಟೆಯಲ್ಲಿಟ್ಟಿದ್ದೇವೆ.

ಎರಡನೆಯ ದಿನ ಇನ್ನೊಂದು ಸಂಗತಿ ನಡೆಯಿತು. ನಾವು ಕಾಫಿಗೆಂದು ಒಳಗೆ ಹೋಗಿದ್ದಾಗ ಹುಡುಗಿ ತಾನೇ ಒಂದು ಚೀಟಿಯನ್ನು ಹಿಡಿದು ಅಕ್ಷರ ಕೂಡಿಸುತ್ತಿದ್ದಳು: “ಕೌ-ತಾ-ಳಂ...” ತೆಲುಗು ಬಲ್ಲವರಿಗೆ ಕನ್ನಡದ ಅಕ್ಷರಗಳು ಅಕ್ಕನ ಮಕ್ಕಳಿದ್ದಂತೆ, ತಲೆಕಟ್ಟಿನ ವ್ಯತ್ಯಾಸವನ್ನು ತಿಳಿದುಕೊಂಡರೆ ಮುಖಗಳೆಲ್ಲ ಪರಿಚಯದವೇ. ಎರಡು ಲಿಪಿಗಳಿಗೂ ಮೂಲ ಎರ್ರಗುಡಿಯ ಬಂಡೆಯ ಮೇಲಿರುವ ಆ ಬ್ರಾಹ್ಮಿಯೇ. ತಪ್ಪಿದ ಕಡೆ ನಾವು ತಿದ್ದಿದೆವು. ಸಂಜೆಯ ಹೊತ್ತಿಗೆ ಅಜ್ಜನ ಚೀಟಿಗಳನ್ನು ಅವಳು ತಡೆದು ತಡೆದು ಓದತೊಡಗಿದ್ದಳು.

ಸಂಗ್ರಹಿಸುವವರಿಗೆ ನಾಲ್ಕು ಮಾತು

ನಮ್ಮ ಓದುಗರ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳಿರಬಹುದು; ಹೊರದೇಶದಲ್ಲಿರುವ ಮಕ್ಕಳು ಗ್ರೀಕ್ ನಾಣ್ಯಗಳನ್ನು ಕೊಳ್ಳುತ್ತಲೂ ಇರಬಹುದು. ಅವರಿಗಾಗಿ ಕೆಲವು ಸಂಗತಿಗಳು.

ನಮ್ಮ ದೇಶದಲ್ಲಿ ೧೮೭೮ರ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಅದನ್ನು ಕಲೆಕ್ಟರರಿಗೆ ತಿಳಿಸಬೇಕು. ೧೯೭೨ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಮಕ್ಕಳಿಗೆ ನೆನಪಿಗೆಂದು ಅಜ್ಜನ ಆನೆ ದುಡ್ಡನ್ನು ವಿಮಾನ ಹತ್ತಿಸುವ ಮುನ್ನ ಇದನ್ನು ತಿಳಿದಿರಬೇಕು. ಅಣ್ಣನ ಮಗನೂ ತನ್ನ ಟಾಲೆಮಿಯನ್ನು ಇಲ್ಲಿಗೆ ತರುವ ಗೋಜಿಗೆ ಹೋಗದೆ ಚಿತ್ರವನ್ನು ಕಳುಹಿಸಿದ್ದು ಜಾಣತನವೇ. ಈಜಿಪ್ಟು ಕೂಡ ೧೯೮೩ರ ಕಾಯಿದೆಯಿಂದ ಪ್ರಾಚ್ಯವಸ್ತುಗಳ ಮಾರಾಟವನ್ನು ನಿಲ್ಲಿಸಿತು. ಆದ್ದರಿಂದ ಕೊಳ್ಳುವವರು ನಾಣ್ಯದ ಅಂದಕ್ಕಿಂತ ಮೊದಲು, ಅದು ಯಾವಾಗ, ಯಾರ ಕೈಯಿಂದ ಬಂತು ಎಂಬ ಹಳೆಯ ಕಾಗದವನ್ನು ಕೇಳಬೇಕು. ಆ ಕಾಗದವನ್ನು ನಾಣ್ಯದೊಡನೆ ಜೋಪಾನ ಮಾಡಬೇಕು. ಕೇಳುವವರು ಹೆಚ್ಚಿದಷ್ಟೂ ಕದ್ದು ಅಗೆಯುವವರಿಗೆ ಕಷ್ಟವಾಗುತ್ತದೆ.

ವಸ್ತು ಇದ್ದ ಜಾಗದಲ್ಲಿಯೇ ಇದ್ದರೆ ಅದು ಎಷ್ಟು ಮಾತನಾಡುತ್ತದೆ ಎಂಬುದಕ್ಕೆ ನಮ್ಮ ಆದೋನಿ ತಾಲೂಕೇ ನಿದರ್ಶನ. ಇಲ್ಲಿನ ಮ್ಯಾಕದೋನಿಯ ಶಾಸನದಲ್ಲಿ, ಪುಳುಮಾವಿ ಅರಸನ ಎಂಟನೆಯ ವರ್ಷದಲ್ಲಿ ಒಬ್ಬ ಗೃಹಸ್ಥನು ಕೆರೆ ತೋಡಿಸಿದ ಸಂಗತಿಯಿದೆ; ಈ ಸೀಮೆಗೆ ಸಾತವಾಹನಿಹಾರ ಎಂಬ ಹೆಸರಿದ್ದುದೂ ಅದರಿಂದಲೇ ತಿಳಿಯಿತು. ಆ ಕಲ್ಲನ್ನು ಯಾರೋ ಎತ್ತಿಕೊಂಡು ಹೋಗಿ ಊರಿನ ಹೆಸರಿಲ್ಲದೆ ಮಾರಿದ್ದರೆ, ಸಾತವಾಹನಿಹಾರ ಎಲ್ಲಿತ್ತೆಂದು ಹೇಳಲು ಆ ಕಲ್ಲಿಗೆ ಬಾಯಿ ಇರುತ್ತಿರಲಿಲ್ಲ.

ಕಡೆಯದಾಗಿ, ಚೀಟಿ. ನಾಣ್ಯವನ್ನು ತಿಕ್ಕಬೇಡಿರಿ, ತೂಗಿರಿ; ಊರು, ವರ್ಷ, ಕೊಟ್ಟವರು, ತೂಕ ಇಷ್ಟನ್ನು ಬರೆದು ಜೊತೆಯಲ್ಲಿಡಿರ‍ಿ. ಬರೆದದ್ದನ್ನು ಓದುವವರನ್ನೂ ಮನೆಯಲ್ಲಿ ಸಿದ್ಧಮಾಡಿರಿ. ಬರೆದಿಟ್ಟವರಿದ್ದೂ ಓದುವವರಿಲ್ಲದಿದ್ದರೆ ಏನಾಗುವುದೆಂಬುದನ್ನು ನಾವು ಆ ರಟ್ಟಿನ ಡಬ್ಬಿಯಲ್ಲಿ ಕಂಡಿದ್ದೇವೆ.

ಅಣ್ಣನ ಮಗ ಮುಂದಿನ ಸಲ ಊರಿಗೆ ಬಂದಾಗ ಅವನನ್ನೂ ಈ ಹುಡುಗಿಯನ್ನೂ ಎರ್ರಗುಡಿಗೆ ಕರೆದೊಯ್ಯಬೇಕೆಂದಿದ್ದೇವೆ. ಅವನ ಟಾಲೆಮಿಯ ನಾಣ್ಯಕ್ಕೆ ಊರಿಲ್ಲ, ನಿಜ. ಅದರ ಒಡೆಯನ ಕಾಲದ ಬರಹವಾದರೂ ನಮ್ಮ ಸೀಮೆಯಲ್ಲಿ ಕೆತ್ತಿದ ಜಾಗದಲ್ಲಿಯೇ ಕುಳಿತಿದೆ. ಈ ನಡುವೆ ಹುಡುಗಿ ಒಂದು ಕೆಲಸ ಮಾಡಿದ್ದಾಳೆ. ಅವನು ಕಳುಹಿಸಿದ ಛಾಯಾಚಿತ್ರದ ಹಿಂದೆ ಒಂದು ಚೀಟಿಯನ್ನು ಅಂಟಿಸಿದ್ದಾಳೆ. ಅಕ್ಷರ ಇನ್ನೂ ಸೊಟ್ಟ, ಆದರೆ ಕನ್ನಡದಲ್ಲಿದೆ: “ತುರಮಾಯ. ಕಂಚು. ೯೨ ಗ್ರಾಂ. ನಾಲ್ಕು ಆನೆ ದುಡ್ಡು, ಒಂದು ಕಾಸು. ಊರು ತಿಳಿಯದು.”